ಹಿಮಾಲಯನ್ ಬೈಕನ್ನು ಕಾರಿನ ಹಿಂದೆ ಹೊರಿಸಬಹುದಾ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮನೆಯಲ್ಲಿ 2019ರ ಟೊಯೋಟಾ ಫೋರ್‌ರನ್ನರ್ ಇದೆ, ಜೊತೆಗೆ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಚಳಿಗಾಲದ ರಜೆಗೆ ಹೆಂಡತಿ, ಮಕ್ಕಳ ಜೊತೆ ಡೆತ್ ವ್ಯಾಲಿ ಮರುಭೂಮಿ ಪಾರ್ಕಿಗೆ ಹೋಗುವ ಯೋಚನೆ. ಅಲ್ಲಿನ ಮಣ್ಣುರಸ್ತೆಯಲ್ಲಿ ಬೈಕ್ ಓಡಿಸುವ ಆಸೆ. ಕಾರಿನ ಹಿಂದೆ ಹಿಚ್‌ಗೆ (ಟ್ರೇಲರ್ ಎಳೆಯುವ ಕೊಂಡಿಗೆ) ಸಿಕ್ಕಿಸುವ ಬೈಕ್ ಕ್ಯಾರಿಯರ್ ನೋಡಿದೆ. 500 ಪೌಂಡ್ ಹೊರುತ್ತದೆ ಎಂದು ಬರೆದಿದ್ದಾರೆ. ಹೀಗೆ ಸಾಗಿಸಿದವರು ಯಾರಾದರೂ ಇದ್ದೀರಾ?

ಫೀನಿಕ್ಸ್‌ನಿಂದ: ಸರ್, ಕ್ಯಾರಿಯರ್ ಎಷ್ಟು ಹೊರುತ್ತದೆ ಅನ್ನುವುದಕ್ಕಿಂತ ಕಾರಿನ ಹಿಚ್ ಎಷ್ಟು ತಡೆಯುತ್ತದೆ ಅನ್ನುವುದು ಮುಖ್ಯ. ನಿಮ್ಮ ಫೋರ್‌ರನ್ನರ್ 5,000 ಪೌಂಡ್ ಎಳೆಯುತ್ತದೆ, ನಿಜ. ಆದರೆ ಹಿಚ್ ಮೇಲೆ ನೇರವಾಗಿ ಹೇರಬಹುದಾದ ಭಾರ, ಅಂದರೆ ಟಂಗ್ ವೆಯ್ಟ್, 500 ಪೌಂಡ್ ಮಾತ್ರ. ಹಿಮಾಲಯನ್ 199 ಕಿಲೋ, ಅಂದರೆ 439 ಪೌಂಡ್. ಉಕ್ಕಿನ ಕ್ಯಾರಿಯರ್ ತಾನೇ 70 ಪೌಂಡ್ ಹತ್ತಿರ ತೂಗುತ್ತದೆ. ಅಲ್ಲಿಗೇ ಮಿತಿ ದಾಟಿತು.

ನಾನು ಮಗನ ಹೋಂಡಾ ಸಿಆರ್‌ಎಫ್ 110 ಬೈಕನ್ನು ಹೀಗೇ ಒಯ್ಯುತ್ತೇನೆ. ಅದು 170 ಪೌಂಡ್, ತಲೆನೋವೇ ಇಲ್ಲ. ಹಗುರ ಡರ್ಟ್ ಬೈಕ್‌ಗಳಿಗೆ ಕ್ಯಾರಿಯರ್ ಒಳ್ಳೆಯದು. ಆದರೆ ನಂಬರ್ ಪ್ಲೇಟ್ ಇಲ್ಲದ ಡರ್ಟ್ ಬೈಕನ್ನು ಡೆತ್ ವ್ಯಾಲಿ ಪಾರ್ಕಿನೊಳಗೆ ಓಡಿಸುವಂತಿಲ್ಲ. ಹಾಗಾಗಿ ಆ ದಾರಿ ನಿಮಗಿಲ್ಲ.

ಕೇಳಿದವರು: ಟ್ಯಾಂಕ್ ಖಾಲಿ ಮಾಡಿ ಒಯ್ದರೆ?

ಫೀನಿಕ್ಸ್‌ನಿಂದ: ಟ್ಯಾಂಕ್ 15 ಲೀಟರಿನದು. ಪೂರ್ತಿ ಬಸಿದರೂ 25 ಪೌಂಡ್ ಇಳಿಯುವುದು ಕಷ್ಟ. ಲೆಕ್ಕ 485ರ ಹತ್ತಿರ ಬರುತ್ತದೆ. ಕಾಗದದ ಮೇಲೆ ಪಾಸ್, ರಸ್ತೆಯಲ್ಲಿ ಅಲ್ಲ. ಆ 500 ಎಂಬುದು ಭಾರ ಹಿಚ್ ಬಾಲ್ (ಟ್ರೇಲರ್ ಕೂರುವ ಗುಂಡು) ಮೇಲೆ ಬಿದ್ದಾಗಿನ ಲೆಕ್ಕ. ಬೈಕ್ ಕೂರುವುದು ಅದಕ್ಕಿಂತ ಹಿಂದೆ. ಪ್ರತಿ ಗುಂಡಿಗೂ ಬೈಕ್ ಕುಲುಕಿದಾಗ ಹಿಚ್ ತಿರುಚಿಕೊಳ್ಳುತ್ತದೆ.

ಇನ್ನೊಂದು ವಿಷಯ ಜನ ಯೋಚಿಸುವುದೇ ಇಲ್ಲ. ಹಿಂದಿನ ಆಕ್ಸಲ್‌ನಿಂದ ಬೈಕ್ ಸುಮಾರು 1.6 ಮೀಟರ್ ಆಚೆ ಇರುತ್ತದೆ. ಕಾರಿನ ಎರಡು ಆಕ್ಸಲ್ ನಡುವೆ 2.8 ಮೀಟರ್. ಏತದ ಹಾಗೆ, ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಬೈಕ್, ಕ್ಯಾರಿಯರ್ ಸೇರಿ 230 ಕಿಲೋ ಅಂದರೆ ಮುಂದಿನ ಚಕ್ರಗಳ ಮೇಲಿಂದ 130 ಕಿಲೋ ಇಳಿಯುತ್ತದೆ, ಹಿಂದಿನ ಆಕ್ಸಲ್ ಮೇಲೆ 360 ಕಿಲೋ ಬೀಳುತ್ತದೆ. ಅದರ ಮೇಲೆ ಮಕ್ಕಳು, ಲಗೇಜು. ಸ್ಟೀರಿಂಗ್ ತೇಲಾಡುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪಶ್ಚಿಮದಿಂದ ಬಂದರೆ 190ನೇ ಹೆದ್ದಾರಿಯಲ್ಲಿ ಟೌನ್ ಪಾಸ್ ಹತ್ತಿ ಇಳಿಯಬೇಕು, ಎತ್ತರ 4,950 ಅಡಿ. ಆ ಇಳಿಜಾರಿನಲ್ಲಿ ಮುಂದಿನ ಚಕ್ರಕ್ಕೆ ಹಿಡಿತ ಬೇಕು ಅಲ್ವಾ?

ಫ್ರೀಮಾಂಟ್‌ನಿಂದ: ತೂಕದ ಮಾತು ಬಿಡಿ, ಕಾನೂನೂ ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಮೇಲಿನ ಹೊರೆ ಎಡಕ್ಕೆ ಫೆಂಡರ್ (ಚಕ್ರದ ಮೇಲಿನ ಬಾಡಿ ಅಂಚು) ದಾಟುವಂತಿಲ್ಲ, ಬಲಕ್ಕೆ 6 ಇಂಚಿಗಿಂತ ಜಾಸ್ತಿ ಚಾಚುವಂತಿಲ್ಲ. ನಿಮ್ಮ ಬೈಕಿನ ಉದ್ದ 86 ಇಂಚು, ಕಾರಿನ ಅಗಲ 76. ಬಲಕ್ಕೆ 6 ಇಂಚು ತಳ್ಳಿದರೂ ಎಡಕ್ಕೆ 4 ಇಂಚು ಹೊರಗೇ. ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚಿಹೋದರೆ ಅದಕ್ಕೂ ಪೊಲೀಸರು ನಿಲ್ಲಿಸುತ್ತಾರೆ. ಬೈಕಿನ ಟೈರು ಕಾರಿನ ಸೈಲೆನ್ಸರ್ ಬಾಯಿಗೆ ನೇರ ಬಂದರೆ ಬಿಸಿಗೆ ಕರಗುತ್ತದೆ. ಡಿಕ್ಕಿ ತೆಗೆಯಲಾಗುವುದಿಲ್ಲ, ಆದರೆ ಫೋರ್‌ರನ್ನರ್‌ನಲ್ಲಿ ಹಿಂದಿನ ಗಾಜು ಇಳಿಯುತ್ತದೆ, ಚಿಪ್ಸ್ ಪೊಟ್ಟಣ ಕೈಗೆ ಸಿಗುತ್ತದೆ. ಒಟ್ಟು ಯೋಜನೆಯಲ್ಲಿ ಒಳ್ಳೆಯದು ಅಂತ ಇರುವುದು ಅದೊಂದೇ!

ಬೆಂಗಳೂರಿನಿಂದ: ನಮ್ಮಲ್ಲಿ ಪೆಟ್ರೋಲ್ ಬಸಿದು, ಗೋಣಿಚೀಲ ಸುತ್ತಿ, ಆರ್‌ಸಿ ಪ್ರತಿ ಕೊಟ್ಟು ರೈಲಿಗೆ ಹಾಕುತ್ತೇವೆ. ನಿಮ್ಮ ಗೋಳು ಕೇಳಿ ಪಾರ್ಸೆಲ್ ಆಫೀಸಿನ ಕ್ಯೂ ಮೇಲೆ ಪ್ರೀತಿ ಬಂತು.

ಸ್ಯಾಕ್ರಮೆಂಟೊದಿಂದ: ಸುಮ್ನೆ ಟ್ರೇಲರ್ ಬಾಡಿಗೆಗೆ ತನ್ನಿ. ಭಾರ ಟ್ರೇಲರಿನ ಚಕ್ರಗಳ ಮೇಲೆ ಹೋಗುತ್ತದೆ, ಹಿಚ್ ಮೇಲೆ ಬೀಳುವುದು ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಅಷ್ಟೇ. ಮುಂದಿನ ಚಕ್ರ ಕೂರಿಸುವ ಅಚ್ಚು ಇರುವ ಬೈಕ್ ಟ್ರೇಲರೇ ಬಾಡಿಗೆಗೆ ಸಿಗುತ್ತದೆ. ಎರಡು ಕಿರಿಕಿರಿ ಇದೆ. ಟ್ರೇಲರ್ ಎಳೆಯುವಾಗ ಕ್ಯಾಲಿಫೋರ್ನಿಯಾದಲ್ಲಿ ವೇಗದ ಮಿತಿ 55 ಮೈಲಿ, ಹಾಗಾಗಿ ಬೆಳಗಿನ ಜಾವವೇ ಹೊರಡಿ. ಮತ್ತೆ ರಿವರ್ಸ್. ಮೊದಲು ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿ, ಮನೆಯವರು ಕಾರಲ್ಲಿ ಇಲ್ಲದಾಗ.

ಕಟ್ಟುವಾಗ ಸ್ಟ್ರಾಪನ್ನು ಹ್ಯಾಂಡಲ್ ತುದಿಗೆ ಹಾಕಬೇಡಿ. ಫೋರ್ಕ್ (ಮುಂದಿನ ಚಕ್ರದ ಜೋಡಿ ಶಾಕ್ ಕೊಳವೆ) ಹಿಡಿಯುವ ಕೆಳಗಿನ ಕ್ಲ್ಯಾಂಪಿಗೆ ಬಟ್ಟೆಯ ಲೂಪ್ ಸುತ್ತಿ, ಅದಕ್ಕೆ ಸಿಕ್ಕಿಸಿ. ಫೋರ್ಕ್ ಸ್ವಲ್ಪ ಕುಗ್ಗಿದರೆ ಸಾಕು, ಪೂರ್ತಿ ಒತ್ತಿ ಕಟ್ಟಿದರೆ ಅದರ ಆಯಿಲ್ ಸೀಲ್‌ಗೆ ಒಳ್ಳೆಯದಲ್ಲ. ಸೈಡ್ ಸ್ಟ್ಯಾಂಡ್ ಎತ್ತಿರಲಿ. ಹಿಂದಕ್ಕೂ ಎರಡು ಸ್ಟ್ರಾಪ್ ಬೇಕು. ಹತ್ತು ಮೈಲಿ ಹೋದ ಮೇಲೆ ನಿಲ್ಲಿಸಿ ನೋಡಿ, ಸ್ಟ್ರಾಪ್ ಖಂಡಿತ ಸಡಿಲವಾಗಿರುತ್ತದೆ. ಟೆಹಚಪಿ ಕಡೆಯಿಂದ ಹೋಗುವುದಾದರೆ ಅಲ್ಲಿ ಗಾಳಿ ಜೋರು, ಘಾಟಿ ಹತ್ತುವ ಮುಂಚೆ ಇನ್ನೊಮ್ಮೆ ಬಿಗಿ ಮಾಡಿ.