ಅಪ್ಪನ ಕೈ ನಡುಗುತ್ತದೆ, ಪಾರ್ಕಿನ್ಸನ್ಸಾ?

ಅಪ್ಪನಿಗೆ 68. ಕಾಫಿ ಲೋಟ ಬಾಯಿಗೆ ತರುವಾಗ ಎರಡೂ ಕೈ ನಡುಗಿ ಅಂಗಿ ಮೇಲೆಲ್ಲ ಚೆಲ್ಲುತ್ತದೆ. ಪಕ್ಕದ ಮನೆಯವರು ಪಾರ್ಕಿನ್ಸನ್ಸ್ (ಮೆದುಳಿನ ಕಾಯಿಲೆ) ಅಂತ ಹೆದರಿಸಿದ್ದಾರೆ. ಹೌದಾ?

ಉತ್ತರ 1: ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಏನಾದರೂ ಹಿಡಿದಾಗ ಎರಡೂ ಕೈ ನಡುಗಿದರೆ ಎಸೆನ್ಷಿಯಲ್ ಟ್ರೆಮರ್ (ಕೈ ಬಳಸುವಾಗ ನಡುಗುವ, ಪಾರ್ಕಿನ್ಸನ್ಸ್ ಅಲ್ಲದ ಬೇರೆ ತೊಂದರೆ) ಇರುವ ಸಾಧ್ಯತೆ ಜಾಸ್ತಿ. ಪಾರ್ಕಿನ್ಸನ್ಸ್‌ನಲ್ಲಿ ಸಾಮಾನ್ಯವಾಗಿ ಕೈ ಸುಮ್ನೆ ತೊಡೆ ಮೇಲಿದ್ದಾಗಲೇ ನಡುಕ, ಅದೂ ಮೊದಲು ಒಂದೇ ಕಡೆ. ಪಾರ್ಕಿನ್ಸನ್ಸ್ ಗುರುತಿಸಲು ನಡುಕಕ್ಕಿಂತ ಮುಖ್ಯ ಚಲನೆ ನಿಧಾನವಾಗುವುದು: ಬರೆಯುವ ಅಕ್ಷರ ಚಿಕ್ಕದಾಗಿದೆಯಾ, ನಡೆಯುವಾಗ ಒಂದು ಕೈ ಬೀಸುವುದು ಕಮ್ಮಿಯಾಗಿದೆಯಾ ನೋಡಿ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗಬಹುದು, ಅದರ ಪರೀಕ್ಷೆಯೂ ಮಾಡಿಸಿ.

ಉತ್ತರ 2: ಡಾಕ್ಟರ್ ಹತ್ತಿರ ಹೋಗುವಾಗ ಅಪ್ಪ ನುಂಗುವ ಮಾತ್ರೆಗಳ ಚೀಟಿ ತಗೊಂಡು ಹೋಗಿ. ನಮ್ಮಮ್ಮ ತಲೆಸುತ್ತಿಗೆ ಅಂತ ಸಿನ್ನರಿಜಿನ್ ತಿಂಗಳುಗಟ್ಟಲೆ ನುಂಗಿದ್ದರು, ಅದರಿಂದಲೇ ಪಾರ್ಕಿನ್ಸನ್ಸ್ ಥರ ಆಗಿತ್ತು. ಡಾಕ್ಟರ್ ನಿಲ್ಲಿಸಿದ ಮೇಲೆ ನಿಧಾನಕ್ಕೆ ಸರಿಯಾಯಿತು.

ಕೇಳಿದವರು: ಅಯ್ಯೋ, ತಾತನಿಗೂ ಹೀಗೇ ನಡುಗುತ್ತಿತ್ತು!

ಉತ್ತರ 1: ಅದನ್ನೇ ಮೊದಲು ಹೇಳಬೇಕಿತ್ತು ಅಲ್ವಾ, ಎಸೆನ್ಷಿಯಲ್ ಟ್ರೆಮರ್ ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತದೆ.