ನಾಲಿಗೆ ಕೆಳಗಿನ ಬಿ12 ಫಿಲ್ಮ್: ಮೇಡಂಗೆ ಕೇಳಿ

ಮುಂಬೈ ಕನ್ನಡಿಗರ ಗುಂಪು. ಮೇಡಂ ಔಷಧ ಲ್ಯಾಬಿನಲ್ಲಿ ಬಾಯಲ್ಲಿ ಕರಗುವ, ತೆಳು ಹಾಳೆಯಂಥ ಫಿಲ್ಮ್ ತಯಾರಿಸುವವರು.

ಡೊಂಬಿವಲಿ ಶೆಟ್ರು: ಫಿಲ್ಮ್ ಇಟ್ಟರೆ ವಿಟಮಿನ್ ಪೂರ್ತಿ ನೇರ ರಕ್ತಕ್ಕೆ ಹೋಗುತ್ತದಂತೆ, ಹೌದಾ ಮೇಡಂ?

ಮೇಡಂ: ಇಲ್ಲ ಶೆಟ್ರೇ. ಬಿ12 ಅಣು ದೊಡ್ಡದು, ನಾಲಿಗೆ ಕೆಳಗಿನ ಪೊರೆ ದಾಟುವುದು ಕಷ್ಟ. ಬಹುಪಾಲು ಜೊಲ್ಲಿನ ಜೊತೆ ಹೊಟ್ಟೆಗೇ ಇಳಿಯುತ್ತದೆ. ದೊಡ್ಡ ಡೋಸಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಕರುಳಿನಲ್ಲಿ ತಾನಾಗಿ ಸೇರುತ್ತದೆ. ಅದಕ್ಕೇ 1000 ಮೈಕ್ರೋಗ್ರಾಂ ಹಾಕುವುದು. ಮಾತ್ರೆ ನುಂಗಲಾಗದವರಿಗೆ ಅನುಕೂಲ, ಅಷ್ಟೇ.

ಥಾಣೆ ತಮ್ಮ: ಮನೆಯಲ್ಲಿ ಮಾಡಬಹುದಾ?

ಮೇಡಂ: ಬೇಡ. ಎಚ್‌ಪಿಎಂಸಿ ಎಂಬ ಪೊರೆಗಟ್ಟುವ ಪುಡಿಯ ದ್ರಾವಣವನ್ನು ನೀರುದೋಸೆಗಿಂತ ತೆಳ್ಳಗೆ ಹರಡಿ ಒಣಗಿಸುತ್ತೇವೆ. ಗ್ಲಿಸರಿನ್ ಕಮ್ಮಿಯಾದರೆ ಹಪ್ಪಳದಂತೆ ಮುರಿಯುತ್ತದೆ, ಜಾಸ್ತಿಯಾದರೆ ಅಂಟುತ್ತದೆ. ಪ್ರತಿ ತುಂಡಿನಲ್ಲೂ ಒಂದೇ ಡೋಸ್ ಇರಬೇಕು. ಇಲ್ಲಿನ ಮಳೆಗಾಲದ ತೇವದಲ್ಲಿ ನಮಗೇ ಸಾಕಾಗುತ್ತದೆ.

ಮುಲುಂಡ್ ಅಕ್ಕ: ನಮ್ಮವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಸಸ್ಯಾಹಾರಿ. ಎರಡು ತಿಂಗಳಿಂದ ಪಾದ ಜೋಮು, ಲೋಕಲ್ ಹತ್ತುವಾಗ ಹೆಜ್ಜೆ ತಪ್ಪುತ್ತಿದೆ. ಫೋಲಿಕ್ ಆಸಿಡ್ ಕೊಡುತ್ತಿದ್ದೇನೆ. ಫಿಲ್ಮೂ ಕೊಡಲಾ?

ಮೇಡಂ: ಅಕ್ಕ, ಫಿಲ್ಮ್ ಮಾತು ಆಮೇಲೆ. ಮೊದಲು ಡಾಕ್ಟರ್. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು. ಬಿ12 ಕೊರತೆಯಿರುವಾಗ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ನನಗೆ ಭಯ ಅದೇ. ಸಕ್ಕರೆ ಕಾಯಿಲೆಯಿಂದಲೂ ಜೋಮು ಬರುತ್ತದೆ, ಯಾವುದೆಂದು ಪರೀಕ್ಷೆಯೇ ಹೇಳಬೇಕು. ನರದ ತೊಂದರೆ ಇದ್ದರೆ ಸಾಮಾನ್ಯವಾಗಿ ಇಂಜೆಕ್ಷನ್ನಿನಿಂದಲೇ ಶುರು ಮಾಡುತ್ತಾರೆ. ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ.

ಕಲ್ಯಾಣ್ ರಾಯರು: ಫಾರ್ವರ್ಡ್: ‘ನಾಲಿಗೆ ಕೆಳಗೆ ಕಡಲೆಯಷ್ಟು ಸುಣ್ಣ ಇಡಿ, ಏಳೇ ದಿನದಲ್ಲಿ ಬಿ12 ಭರ್ತಿ!’

ಮೇಡಂ: ಬಾಯಿ ಸುಡುತ್ತದೆ. ಸುಣ್ಣದಲ್ಲಿ ಬಿ12 ಇಲ್ಲ. ಅಳಿಸಿ.

ರಾಯರು: ನಮ್ಮಜ್ಜಿ ದಿನಾ ಎಲೆಗೆ ಸುಣ್ಣ ಹಚ್ಚಿ 90 ವರ್ಷ ಬದುಕಿದರು.

ಶೆಟ್ರು: ನಮ್ಮಜ್ಜಿಯೂ ಬದುಕಿದರು. ಬಂಗುಡೆ ತಿಂದು.

ರಾಯರು: ಎಲ್ಲದಕ್ಕೂ ಮೀನು ತರಬೇಡಿ.

ಶೆಟ್ರು: ಬಿ12 ಇರುವುದೇ ಅಲ್ಲಿ ಸ್ವಾಮಿ!

ರಾಯರು: ಹಾಲು, ಮೊಸರಲ್ಲಿ ಇಲ್ವಾ?

ಶೆಟ್ರು: ಇದೆ. ಸುಣ್ಣದಲ್ಲಿ ಇಲ್ಲ.

ಬೋರಿವಲಿ ಅತ್ತಿಗೆ: ವಿಟಮಿನ್ ಡಿಗೂ ಫಿಲ್ಮ್ ಬರುತ್ತದಾ?

ವಾಶಿ ಮಾವ: ಮೇಡಂ, ಫಿಲ್ಮ್ ಇಟ್ಟರೆ ನೇರ ರಕ್ತಕ್ಕೆ ಅಲ್ವಾ?

ಮೇಡಂ: ಮೇಲೆ ಓದಿ.

ರಾಯರು: ಓದಿದವರಿಗೆ ಹಿರಿಯರ ಮಾತೆಂದರೆ ಸದರ.

ಮೇಡಂ: ಬಾಯಿ ಸುಟ್ಟುಕೊಂಡು ನನ್ನನ್ನು ಕೇಳಬೇಡಿ.

ಮುಲುಂಡ್ ಅಕ್ಕ: ನಾಳೆ ಭಾನುವಾರ, ಕ್ಲಿನಿಕ್ ಇಲ್ಲ. ಸೋಮವಾರ ಸಾಕಾ?

ಮೇಡಂ: ಸೋಮವಾರ ಬೆಳಿಗ್ಗೆಯೇ ಹೋಗಿ. ಅಷ್ಟರಲ್ಲಿ ನಡಿಗೆ ಇನ್ನೂ ಕೆಟ್ಟರೆ ಕಾಯಬೇಡಿ, ನೇರ ಆಸ್ಪತ್ರೆ. ಮಾತ್ರೆಗಳ ಪಟ್ಟಿ ಒಯ್ಯಿರಿ.