ಮುದ್ದು ತಮಾಷೆ ಸಹಿಸದ ಅಕ್ಕನಿಗೆ ಯಾವ ಅನಿಮೆ ತೋರಿಸಲಿ?

ಹೇಮಾವತಿ ದಂಡೆ (ಹಾಸನ):
ಅಕ್ಕನಿಗೋಸ್ಕರ ಕೇಳ್ತಿದೀನಿ. ಹೈಸ್ಕೂಲಲ್ಲಿ ಇತಿಹಾಸ ಹೇಳ್ತಾಳೆ, ಒಳ್ಳೆ ಕಾದಂಬರಿ ಸಿಕ್ಕರೆ ರಾತ್ರಿಯಿಡೀ ಓದೋಳು. ಅವಳಿಗೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ಅನ್ನೋ ಅನಿಮೆ, ಅಂದ್ರೆ ಜಪಾನಿ ಕಾರ್ಟೂನ್ ಸರಣಿ, ಹಾಕಿ ಕೊಟ್ಟೆ. ಕಥೆ ಹಿಡಿಸ್ತು. ಆದ್ರೆ ಗಂಭೀರವಾಗಿ ಹೋಗ್ತಿರೋ ಮಾತಿನ ಮಧ್ಯೆ ನಾಯಕನ ತಲೆ ದಪ್ಪಗಾಗಿ, ಮೈ ಗೊಂಬೆಯಷ್ಟು ಕುಗ್ಗಿ, ‘ಕುಳ್ಳ’ ಅಂದಿದ್ದಕ್ಕೆ ಕಿರುಚಾಡ್ತಾನಲ್ಲ, ಅಂಥದ್ದು ನಾಲ್ಕೈದು ಸಲ ಬಂದ ಮೇಲೆ ಸಾಕು ಅಂದುಬಿಟ್ಟಳು. ಹಣೆ ಮೇಲೆ ದೊಡ್ಡ ಬೆವರ ಹನಿ, ಮೂಗಲ್ಲಿ ರಕ್ತ, ಕೀರಲು ದನಿ, ಇವು ಯಾವುದೂ ಅವಳಿಗೆ ಆಗಲ್ಲ. ರಕ್ತಪಾತ, ಸಾವು, ನಿಧಾನ ಇವೆಲ್ಲ ಪರವಾಗಿಲ್ಲ. ಜಪಾನಿ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್ ಅಭ್ಯಾಸ ಆಗಿದೆ. ಈ ಮಳೆಗಾಲದಲ್ಲಿ ಕೂತು ನೋಡೋಕೆ ಏನು ಕೊಡಲಿ?

ಅರಸೀಕೆರೆ ಜಂಕ್ಷನ್:
ಬೇರೆ ಯೋಚನೆನೇ ಬೇಡ, ‘ಮಾನ್ಸ್ಟರ್’. ನವೋಕಿ ಉರಾಸಾವಾ ಬರೆದ ಕಥೆ, ಮ್ಯಾಡ್‌ಹೌಸ್ ಸ್ಟುಡಿಯೋ ಮಾಡಿದ್ದು, 2004-05ರಲ್ಲಿ ಬಂತು, 74 ಕಂತು. 1986ರ ಡ್ಯೂಸೆಲ್ಡಾರ್ಫ್ ನಗರ, ಅಲ್ಲಿ ಟೆನ್ಮಾ ಅನ್ನೋ ಜಪಾನಿ ಮಿದುಳು ಸರ್ಜನ್. ಮೊದಲು ಬಂದ ತುರ್ಕಿ ಕೂಲಿಕಾರನನ್ನ ಬಿಟ್ಟು ಹೆಸರುವಾಸಿ ಒಪೆರಾ ಗಾಯಕನಿಗೆ ಆಪರೇಷನ್ ಮಾಡು ಅಂತ ಮೇಲಿನವರ ಆದೇಶ. ಮಾಡ್ತಾನೆ. ಕೂಲಿಕಾರ ಸತ್ತು, ಅವನ ಹೆಂಡತಿ ಬಂದು ‘ನನ್ನ ಗಂಡ ಮೊದಲು ಬಂದಿದ್ದಲ್ವಾ’ ಅಂತ ಕೇಳ್ತಾಳೆ. ಮುಂದಿನ ಸಲ ತಲೆಗೆ ಗುಂಡು ಬಿದ್ದ ಹುಡುಗ ಒಂದು ಕಡೆ, ನಗರದ ಮೇಯರ್ ಇನ್ನೊಂದು ಕಡೆ. ಟೆನ್ಮಾ ಈ ಸಲ ಹುಡುಗನ್ನೇ ಉಳಿಸ್ತಾನೆ. ಆ ಹುಡುಗ ಮುಂದೆ ಏನಾಗ್ತಾನೆ ಅನ್ನೋದೇ ಇಡೀ ಕಥೆ. ಬರ್ಲಿನ್ ಗೋಡೆ ಬಿದ್ದ ಮೇಲಿನ ಜರ್ಮನಿ, ಪೂರ್ವ ಜರ್ಮನಿಯ ಅನಾಥಾಲಯದಲ್ಲಿ ಮಕ್ಕಳ ಮೇಲೆ ನಡೆದದ್ದು, ಎಲ್ಲಾ ಬರುತ್ತೆ. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಬೇಕಾ? ಮುಖಗಳು ಮನುಷ್ಯರ ಮುಖದ ಹಾಗೇ ಇವೆ. ಮೂಗು ಮೂಗಿನಂತೆ, ವಯಸ್ಸಾದೋರು ವಯಸ್ಸಾದೋರಂತೆ.

ಕೊಪ್ಪದ ಚಂಡೆ:
‘ಮಾನ್ಸ್ಟರ್’ ಬಗ್ಗೆ ತಕರಾರಿಲ್ಲ. ಆದ್ರೆ ಮಾರಾಯ್ರೆ, ‘ಫುಲ್‌ಮೆಟಲ್’ ಅರ್ಧಕ್ಕೆ ಬಿಡ್ಬೇಡಿ ಅಂತ ನಿಮ್ಮ ಅಕ್ಕನಿಗೆ ಹೇಳಿ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆ ಇದು ಹೊಸತಾ? ‘ಭೀಷ್ಮ ವಿಜಯ’ದಲ್ಲಿ ಅಂಬೆಯ ಬದುಕೇ ಹಾಳಾಗಿ ಹೋಗ್ತಾ ಉಂಟು, ಅವಳನ್ನ ಸಾಲ್ವನ ಹತ್ರ ಕರ್ಕೊಂಡು ಹೋಗೋ ಮುದಿ ಬ್ರಾಹ್ಮಣ ಜನರನ್ನ ನಗಿಸ್ತಾನೆ. ಯಾರೂ ಎದ್ದು ಹೋಗುದಿಲ್ಲ. ಹಾಸ್ಯಗಾರ ಇಲ್ಲದ ಮೇಳ ಉಂಟಾ? ನಕ್ಕು ಹಗುರಾದ ಮನಸ್ಸಿಗೆ ಮುಂದಿನ ಪೆಟ್ಟು ಜೋರಾಗಿ ಬೀಳ್ತದೆ. ಅದು ಕಸುಬು.

ದ್ವಾರಸಮುದ್ರ (ಹಳೇಬೀಡು):
ಚಂಡೆಯವ್ರೆ, ನಿಮ್ಮ ಉದಾಹರಣೆಯೇ ನಿಮ್ಮ ವಾದಕ್ಕೆ ಎದುರಾಗಿದೆ. ಅಲ್ಲಿ ನಗಿಸೋನು ಮುದಿ ಬ್ರಾಹ್ಮಣ, ಅದಕ್ಕೇ ಬೇರೆ ವೇಷಧಾರಿ ಇದ್ದಾನೆ. ಭೀಷ್ಮ ನಗಿಸೋದಿಲ್ಲ, ಅಂಬೆ ನಗಿಸೋದಿಲ್ಲ. ಅಂಬೆ ಅಳುತ್ತಿರುವಾಗಲೇ ಅವಳ ಕಿರೀಟ ತೆಗೆದು ಕೋಡಂಗಿ ಟೊಪ್ಪಿ ಹಾಕಿ, ಎರಡು ನಿಮಿಷ ಕುಣಿಸಿ, ಮತ್ತೆ ಕಿರೀಟ ಇಟ್ಟರೆ ನೀವು ಕೂತಿರ್ತೀರಾ? ‘ಫುಲ್‌ಮೆಟಲ್’ನಲ್ಲಿ ಆಗೋದು ಅದೇ. ಅಮ್ಮನನ್ನ ಬದುಕಿಸೋಕೆ ಹೋಗಿ ಕೈಕಾಲು ಕಳ್ಕೊಂಡ ಅದೇ ನಾಯಕ ಎಡ್ವರ್ಡ್ ಗೊಂಬೆಯಾಗ್ತಾನೆ. ಹೇಮಾವತಿಯವರ ಅಕ್ಕ ನಗು ಬೇಡ ಅಂತಿಲ್ಲ. ಪಾತ್ರದ ಮೇಲಿಟ್ಟ ನಂಬಿಕೆ ಕೆಡಿಸ್ಬೇಡಿ ಅಂತಿದಾರೆ. ನಾನೂ ಅದನ್ನೇ ಹೇಳ್ತೀನಿ.

ಕೊಪ್ಪದ ಚಂಡೆ:
ವೇಷದ ಮಾತು ಒಪ್ದೆ, ಅದು ಸರಿ ಉಂಟು. ಆದ್ರೂ ಎಡ್ವರ್ಡ್‌ಗೆ ಬರೀ ಹದಿನೈದು ವರ್ಷ. ಸೈನ್ಯದ ಸಮವಸ್ತ್ರದವರ ಮಧ್ಯೆ ಅವನೊಬ್ಬ ಹುಡುಗ. ಕುಳ್ಳ ಅಂದ್ರೆ ಕೆರಳೋದು ಆ ಹುಡುಗತನ. ಅದೇ ಸೈನ್ಯ ಇಶ್ವಾಲ್ ಜನರ ಮೇಲೆ ನಡೆಸಿದ ಹತ್ಯಾಕಾಂಡದ ಕಥೆ ಬಿಚ್ಕೊಳ್ಳುವಾಗ ಅವನು ಎಷ್ಟು ಚಿಕ್ಕವ ಅಂತ ನಮಗೆ ನೆನಪಿರಬೇಕು. ಮತ್ತೆ ಇದು ನಿನ್ನೆ ಮೊನ್ನೆಯ ಚಾಳಿ ಅಲ್ಲ. ಹಳೇ ತಲೆಮಾರಿನ ದೊಡ್ಡ ಜಪಾನಿ ಚಿತ್ರಕಥೆಗಾರ ತೆಝುಕಾ ಒಸಾಮು ತನ್ನ ಗಂಭೀರ ಚಿತ್ರಕಥೆಗಳ ಮಧ್ಯೆಯೇ ತೇಪೆ ಹಾಕಿದ ಹಂದಿಮೂತಿಯ ಹ್ಯೋತಾನ್‌ತ್ಸುಗಿಯನ್ನ ತಂದು ಕೂರಿಸ್ತಿದ್ದ. ಅವರ ಕಲೆಯಲ್ಲಿ ಅದು ಬೇರಿನಿಂದ್ಲೇ ಬಂದದ್ದು.

ದ್ವಾರಸಮುದ್ರ (ಹಳೇಬೀಡು):
ಹಳೇ ಪದ್ಧತಿ ಅಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗಬೇಕಾಗಿಲ್ಲ. ಜಪಾನಿನಲ್ಲೇ ಅದಕ್ಕೆ ಬೇಸತ್ತವರು 1957ರಲ್ಲಿ ‘ಗೆಕಿಗಾ’ ಅಂತ ಬೇರೆ ದಾರಿ ಹಿಡಿದ್ರು. ಚಿತ್ರಕಥೆಗಾರ ಯೋಶಿಹಿರೋ ತತ್ಸುಮಿ ಕೊಟ್ಟ ಹೆಸರು. ದೊಡ್ಡವರಿಗೆ ದೊಡ್ಡವರ ಕಥೆ ಅನ್ನೋದು ಅವರ ಹಟ. ಅಕ್ಕನ ರುಚಿ ಆ ಕಡೆಯದು, ಅಷ್ಟೇ. ಅದಕ್ಕೆ ತಕ್ಕದ್ದನ್ನ ಹುಡುಕಿ ಕೊಡೋಣ.

ಕಡೂರು ಪ್ಯಾಸೆಂಜರ್:
ಹುಡುಕೋಕೆ ಒಂದು ಸುಲಭ ದಾರಿ ಹೇಳ್ತೀನಿ. ಅನಿಮೆಯ ಮೂಲ ಚಿತ್ರಕಥೆ ಯಾವ ಪತ್ರಿಕೆಯಲ್ಲಿ ಬಂತು ನೋಡಿ. ‘ಫುಲ್‌ಮೆಟಲ್’ ಬಂದದ್ದು ಹುಡುಗರ ಪತ್ರಿಕೆಯಲ್ಲಿ, ಅದನ್ನ ಶೋನೆನ್ ಅಂತಾರೆ. ‘ಮಾನ್ಸ್ಟರ್’ ಬಂದದ್ದು ‘ಬಿಗ್ ಕಾಮಿಕ್ ಒರಿಜಿನಲ್’ನಲ್ಲಿ, ವಯಸ್ಕ ಓದುಗರದ್ದು, ಸೇನೆನ್. ‘ವಿನ್‌ಲ್ಯಾಂಡ್ ಸಾಗಾ’ ಅನ್ನೋ ವೈಕಿಂಗರ ಕಥೆ ಮೊದಲು ಹುಡುಗರ ವಾರಪತ್ರಿಕೆಯಲ್ಲಿ ಶುರುವಾಗಿ ಆಮೇಲೆ ವಯಸ್ಕರ ‘ಆಫ್ಟರ್‌ನೂನ್’ ಮಾಸಿಕಕ್ಕೆ ಹೋಯ್ತು. ಸೇನೆನ್ ಅಂತಿದ್ರೆ ಕಣ್ಣು ಮುಚ್ಚಿ ಹಾಕಿ.

ಅರಸೀಕೆರೆ ಜಂಕ್ಷನ್:
ಕಣ್ಣು ಮುಚ್ಚಿ ಬೇಡ ಗುರು. ‘ಕೆ-ಆನ್’ ಕೂಡ ಸೇನೆನ್ ಲೆಕ್ಕಕ್ಕೇ ಬರೋದು. ಹೈಸ್ಕೂಲ್ ಹುಡುಗೀರು ಬ್ಯಾಂಡ್ ಕಟ್ಟಿ ಕೇಕ್ ತಿಂದು ಟೀ ಕುಡಿಯೋ ಕಥೆ, ಆದಿಯಿಂದ ಅಂತ್ಯದವರೆಗೆ ಮುದ್ದೋ ಮುದ್ದು. ನಿನ್ನ ಸೂತ್ರ ನಂಬಿ ಹಾಕಿದ್ರೆ ಅಕ್ಕ ಟಿವಿನೇ ಆರಿಸ್ತಾರೆ. ಪತ್ರಿಕೆ ಒಂದು ಸುಳಿವು ಮಾತ್ರ. ಮೊದಲ ಎರಡು ಕಂತು ನಾವು ನೋಡಿ ಆಮೇಲೆ ಕೊಡೋದೇ ಸರಿ.

ಕಡೂರು ಪ್ಯಾಸೆಂಜರ್:
ಅದೂ ನಿಜ. ಹಾಗಾದ್ರೆ ಸೂತ್ರ ಬಿಟ್ಟು ನೇರವಾಗಿ ಹೆಸರು ಹೇಳ್ತೀನಿ: ‘ಲೆಜೆಂಡ್ ಆಫ್ ದ ಗ್ಯಾಲಾಕ್ಟಿಕ್ ಹೀರೋಸ್’, 1988ರಿಂದ 1997ರವರೆಗೆ ಬಂದ ಹಳೇದು. ಅಂತರಿಕ್ಷದ ಯುದ್ಧ ಅಂತ ಹೆಸರಿಗೆ, ಒಳಗೆ ಇರೋದು ರಾಜಕೀಯ. ಒಂದು ಕಡೆ ಸಮರ್ಥ ಸರ್ವಾಧಿಕಾರಿ, ಇನ್ನೊಂದು ಕಡೆ ಕೊಳೆತ ಪ್ರಜಾಪ್ರಭುತ್ವ, ಯಾವುದು ಮೇಲು ಅಂತ ಕೊನೆವರೆಗೂ ವಾದ. ಪ್ರಜಾಪ್ರಭುತ್ವದ ಕಡೆಯ ಸೇನಾನಿ ಯಾಂಗ್ ವೆನ್-ಲಿ ಇದಾನಲ್ಲ, ಅವನಿಗೆ ಸೈನಿಕ ಆಗೋ ಆಸೆಯೇ ಇರಲಿಲ್ಲ. ಇತಿಹಾಸ ಓದಬೇಕಿತ್ತು, ಕೈಲಿ ಕಾಸಿಲ್ಲ, ಪುಕ್ಕಟೆ ಓದಿಸ್ತಾರೆ ಅಂತ ಸೈನಿಕ ಶಾಲೆಗೆ ಸೇರಿದೋನು. ಇತಿಹಾಸ ಹೇಳೋರಿಗೆ ಅವನು ಇಷ್ಟ ಆಗದೇ ಇರೋಕೆ ಸಾಧ್ಯವೇ ಇಲ್ಲ. ಒಂದೇ ತೊಂದರೆ, 110 ಕಂತು.

ಹೇಮಾವತಿ ದಂಡೆ (ಹಾಸನ):
ಯಾಂಗ್ ಬಗ್ಗೆ ಓದಿ ಹೇಳಿದೆ, ಅಕ್ಕನಿಗೆ ಕುತೂಹಲ ಬಂದಿದೆ. ಆದ್ರೆ 74, 110 ಅಂದ್ರೆ ಶಾಲೆ ಇರುವಾಗ ಕಷ್ಟ. ಒಂದೊಂದೇ ಕಂತಲ್ಲಿ ಮುಗಿಯೋ ಥರದ್ದು ಇದೆಯಾ? ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಸಿನಿಮಾ ಬಗ್ಗೆ ಎಲ್ಲರೂ ಹೇಳ್ತಾರೆ.

ದ್ವಾರಸಮುದ್ರ (ಹಳೇಬೀಡು):
ಅದು ಮಹಾಕೃತಿ, ಆದ್ರೆ ಶುರುವಿಗೆ ಬೇಡ. ಇಸಾವೋ ತಕಾಹಾತಾ 1988ರಲ್ಲಿ ಮಾಡಿದ್ದು. ಅಣ್ಣ ಸೇಯ್ತಾ ಸಾಯೋದನ್ನ ಮೊದಲ ದೃಶ್ಯದಲ್ಲೇ ತೋರಿಸಿ, ಆಮೇಲೆ ಕೋಬೆ ನಗರದ ಮೇಲೆ ಬಾಂಬು ಬಿದ್ದಲ್ಲಿಂದ ಕಥೆ ಹಿಂದಕ್ಕೆ ಹೋಗುತ್ತೆ. ಏನಾಗುತ್ತೆ ಅಂತ ಗೊತ್ತಿದ್ದೂ ತಂಗಿ ಸೆತ್ಸುಕೋ ಆಡೋದನ್ನ ನೋಡಬೇಕು. ಮನಸ್ಸು ಗಟ್ಟಿ ಇರೋ ದಿನ ನೋಡಲಿ.

ಕಂತಿಗೊಂದು ಕಥೆ ಬೇಕಂದ್ರೆ ‘ಮುಷಿಶಿ’, 2005ರದ್ದು, 26 ಕಂತು. ‘ಮುಷಿ’ ಅಂದ್ರೆ ಅದರಲ್ಲಿ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಜೀವದ ಬುಡಕ್ಕೆ ಹತ್ತಿರ ಇರೋ ಏನೋ ಒಂದು. ಕೆಟ್ಟದ್ದೂ ಅಲ್ಲ, ಅದರ ಪಾಡಿಗೆ ಅದು ಇರುತ್ತೆ, ಮನುಷ್ಯರ ಬದುಕಿಗೆ ತಾಗಿದಾಗ ತೊಂದರೆ. ಗಿಂಕೋ ಅನ್ನೋನು ಊರೂರು ಅಲೆದು ಅಂಥ ಮನೆಗಳಿಗೆ ಹೋಗ್ತಾನೆ. ಒಂಬತ್ತನೇ ಕಂತು ನಮ್ಮ ಕಡೆಯ ರೈತರೆಲ್ಲ ನೋಡಬೇಕು. ಬೆಳೆ ಕೆಟ್ಟ ವರ್ಷ ಆ ಒಂದು ಹಳ್ಳಿಯ ಗದ್ದೆ ಮಾತ್ರ ತುಂಬಿ ತೆನೆಯಾಗುತ್ತೆ, ಸುಗ್ಗಿ ಆದ ಮೇಲೆ ಊರಲ್ಲಿ ಒಬ್ಬರು ಸಾಯ್ತಾರೆ. ಅನ್ನ ಬೇಕು, ಬೆಲೆ ಒಂದು ಜೀವ. ಊರಿಗೆ ಊರೇ ಉಪವಾಸ ಬೀಳೋದಾ, ಒಬ್ಬರನ್ನ ಕೊಡೋದಾ? ಆ ತೀರ್ಮಾನ ತಗೊಳ್ಳೋ ಮನುಷ್ಯನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕೂಗಾಟ ಇಲ್ಲ, ಖಳನಾಯಕ ಇಲ್ಲ. ಕಾಡು, ಮಂಜು, ಮಳೆ, ಸಕಲೇಶಪುರದ ಕಡೆ ಹುಟ್ಟಿದೋರಿಗೆ ಹೇಳಿಕೊಡಬೇಕಾದ್ದೇ ಇಲ್ಲ.

ಕಡೂರು ಪ್ಯಾಸೆಂಜರ್:
‘ಮುಷಿಶಿ’ ನೋಡ್ತಾ ನೋಡ್ತಾ ನನಗೆ ನಿದ್ದೆ ಬಂತು ಅಂತ ಹೇಳಲೇಬೇಕು. ಒಟ್ಟಿಗೆ ನಾಲ್ಕು ಕಂತು ನೋಡೋ ಜಾತಿಯದ್ದಲ್ಲ ಅದು. ರಾತ್ರಿ ಒಂದು, ಸಾಕು. ವೇಗ ಬೇಕಾದ್ರೆ ‘ವಿನ್‌ಲ್ಯಾಂಡ್ ಸಾಗಾ’ ಇಟ್ಕೊಳ್ಳಿ. ಮೊದಲ ಭಾಗ ಪೂರ್ತಿ ಸೇಡು, ಕತ್ತಿ. 2023ರ ಎರಡನೇ ಭಾಗದಲ್ಲಿ ಅದೇ ನಾಯಕ ತೋರ್ಫಿನ್ ಡೆನ್ಮಾರ್ಕಿನ ಜಮೀನ್ದಾರನ ಹತ್ರ ಗುಲಾಮ, ಕಾಡು ಕಡಿದು, ಬೊಡ್ಡೆ ಕಿತ್ತು, ಗೋಧಿ ಬಿತ್ತುತ್ತಾನೆ. ಯುದ್ಧದ ಕಥೆಯನ್ನ ಉಳುಮೆಯ ಕಥೆ ಮಾಡೋಕೆ ಎದೆಗಾರಿಕೆ ಬೇಕು.

ಕೊಪ್ಪದ ಚಂಡೆ:
ಇಷ್ಟೆಲ್ಲ ಹೇಳಿದಿರಿ, ‘ಶೋವಾ ಗೆನ್‌ರೋಕು ರಾಕುಗೋ ಶಿಂಜೂ’ ಯಾರೂ ಹೇಳ್ಲಿಲ್ಲ ಅಲ್ವಾ! ರಾಕುಗೋ ಅಂದ್ರೆ ಒಬ್ಬನೇ ಕಲಾವಿದ ದಿಂಬಿನ ಮೇಲೆ ಮಂಡಿಯೂರಿ ಕೂತು, ಒಂದು ಬೀಸಣಿಗೆ, ಒಂದು ಕೈವಸ್ತ್ರ, ಅಷ್ಟರಲ್ಲೇ ಗಂಡ, ಹೆಂಡತಿ, ಕಳ್ಳ, ಸಾವಿನ ದೇವರು ಎಲ್ಲಾ ಆಗ್ತಾನೆ. ತಾಳಮದ್ದಳೆ ಕೇಳಿದವರಿಗೆ ಮಾತೇ ವೇಷ ಆಗೋದು ಗೊತ್ತಲ್ಲ. ಇದರ ಕಥೆ ಇಬ್ಬರು ಕಲಾವಿದರದ್ದು, ಒಬ್ಬನಿಗೆ ಹುಟ್ಟು ಪ್ರತಿಭೆ, ಇನ್ನೊಬ್ಬನಿಗೆ ಬರೀ ಶ್ರಮ. ಯುದ್ಧ ಬರ್ತದೆ, ರೇಡಿಯೋ ಬರ್ತದೆ, ಟಿವಿ ಬರ್ತದೆ, ಕಲೆ ಸಾಯ್ತಾ ಹೋಗ್ತದೆ. ದ್ವಾರಸಮುದ್ರ ಅವರೆ, ಇದರಲ್ಲಿ ನಗು ಧಾರಾಳ ಉಂಟು, ಆದ್ರೆ ನೀವು ಹೇಳಿದ ಹಾಗೇ. ನಗಿಸೋದು ಅವರ ವೃತ್ತಿ, ವೇದಿಕೆ ಇಳಿದ ಮೇಲೆ ಯಾರ ಮುಖವೂ ಗೊಂಬೆಯಾಗುದಿಲ್ಲ.

ದ್ವಾರಸಮುದ್ರ (ಹಳೇಬೀಡು):
ಇದನ್ನ ಪೂರ್ತಿ ಒಪ್ತೀನಿ. ‘ಫುಲ್‌ಮೆಟಲ್’ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಇಲ್ಲ.

ಕೊಪ್ಪದ ಚಂಡೆ:
ಅದು ಇರ್ಲಿ. ಇಶ್ವಾಲ್ ಕಂತುಗಳವರೆಗಾದ್ರೂ ಅಕ್ಕ ನೋಡ್ಲಿ ಅನ್ನೋದು ನನ್ನ ಆಸೆ, ಒತ್ತಾಯ ಅಲ್ಲ.

ಹೇಮಾವತಿ ದಂಡೆ (ಹಾಸನ):
ಎಲ್ಲರಿಗೂ ವಂದನೆ. ‘ಮುಷಿಶಿ’ ರಾತ್ರಿಗೊಂದು, ಭಾನುವಾರಕ್ಕೆ ರಾಕುಗೋ. ‘ಮಾನ್ಸ್ಟರ್’ ಮತ್ತು ಯಾಂಗ್ ದಸರಾ ರಜೆಗೆ. ಹೀಗೆ ಶುರು ಮಾಡ್ತೀವಿ.

ಕೊಪ್ಪದ ಚಂಡೆ:
ಭಾನುವಾರ ಕೂರೋ ಮೊದಲು ಒಂದು ಗಮನಿಸಿ. ರಾಕುಗೋದ ಮೊದಲ ಕಂತು ಮಾಮೂಲಿಗಿಂತ ಎರಡರಷ್ಟು ಉದ್ದ. ಜೈಲಿಂದ ಬಿಡುಗಡೆಯಾದವ ನೇರ ಗುರುವಿನ ಹತ್ರ ಬಂದು ‘ನನ್ನ ಶಿಷ್ಯ ಮಾಡ್ಕೊಳ್ಳಿ’ ಅಂತ ಕಾಲಿಗೆ ಬೀಳೋದ್ರಿಂದ ಶುರು. ಮಧ್ಯೆ ಕರೆಂಟ್ ಹೋದ್ರೆ ಲಯ ತಪ್ತದೆ, ಹಾಗಾಗಿ ಯುಪಿಎಸ್ ಚಾರ್ಜ್ ಮಾಡಿಟ್ಟುಕೊಂಡೇ ಕೂರಿ ಮಾರಾಯ್ರೆ.